ಹಂದನಕೆರೆಯ ಮಾತು

ಚಿಕ್ಕನಾಯಕನಹಳ್ಳಿ
೪ ಜನವರಿ ೨೦೨೬

ಪ್ರಿಯ ದಯಾನಂದ,

ನಿನಗೂ ನಿಮ್ಮ ಮನೆಯವರಿಗೂ ನಮ್ಮಿಬ್ಬರ ನಮಸ್ಕಾರ. ನಿನ್ನ ಕಾಗದ ದೀಪಾವಳಿಗೆ ಮೊದಲೇ ಕೈಸೇರಿತ್ತು. ಉತ್ತರ ಬರೆಯುವಷ್ಟರಲ್ಲಿ ಸಂಕ್ರಾಂತಿ ಹತ್ತಿರ ಬಂತು. ಕ್ಷಮಿಸು ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ತಡವಾದದ್ದಕ್ಕೆ ಕಾರಣವಿದೆ, ಆ ಕಾರಣವೇ ಈ ಕಾಗದದ ವಿಷಯ. ಇಷ್ಟು ವರ್ಷ ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಬರೆದವನು ನಾನು. ಅರ್ಧ ತಿಳಿದದ್ದನ್ನು ಬರೆದು ಕಳಿಸುವ ಅಭ್ಯಾಸವಿಲ್ಲ. ಪೂರ್ತಿ ತಿಳಿಯಲಿ ಎಂದು ಕಾದೆ.

ಮೊದಲು ಇಲ್ಲಿನ ಸಮಾಚಾರ. ನನ್ನ ಮಂಡಿನೋವು ಚಳಿಗೆ ಸ್ವಲ್ಪ ಹೆಚ್ಚಾಗಿದೆ, ಓಡಾಟ ಮಾತ್ರ ನಿಂತಿಲ್ಲ. ನಮ್ಮ ಮನೆಯಾಕೆ ಗಿರಿಜಾಂಬಿಕಾ ಆರೋಗ್ಯವಾಗಿದ್ದಾಳೆ. ಅವರೆಕಾಯಿ ಬಂದಿರುವುದರಿಂದ ನಮ್ಮ ಮನೆಯಲ್ಲಿ ಮೂರು ಹೊತ್ತೂ ಅದೇ. ಬಿಳಿ ನೊಣದ ಕಾಟಕ್ಕೆ ತೆಂಗು ಸೊರಗಿದೆ, ಕಾಯಿ ಕಡಿಮೆ. ಕೊಬ್ಬರಿ ಬೆಲೆ ಮಾತ್ರ ಏರಿ ಕೂತಿದೆ. ತೋಟದವರನ್ನು ಮಾತಾಡಿಸಿದರೆ ಅಳಬೇಕೋ ನಗಬೇಕೋ ಅವರಿಗೇ ಗೊತ್ತಿದ್ದಂತಿಲ್ಲ.

ನಿನ್ನ ಕಾಗದದ ಒಂದು ಸಾಲು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. "ದನಿ ಹೋದ ಮೇಲೆ ಹಂದನಕೆರೆಗೆ ಹೋಗಿ ಏನು ಮಾಡಲಿ? ಅಕ್ಕಯ್ಯನಿಗೆ ಕಣ್ಣಿಲ್ಲ, ನನಗೆ ಮಾತಿಲ್ಲ" ಎಂದು ಬರೆದಿದ್ದೀಯ. ಗಂಟಲಿನ ಆಪರೇಷನ್ ಆಗಿ ವರ್ಷ ದಾಟಿತು. ರೋಗ ಮತ್ತೆ ಕಾಣಿಸಿಕೊಂಡಿಲ್ಲ ಎಂದು ಡಾಕ್ಟರು ಹೇಳಿದ್ದು ಸಂತೋಷದ ಸುದ್ದಿ. ಆದರೆ ಅಂದಿನಿಂದ ನೀನು ಮೈಸೂರಿನ ಮನೆ ಬಿಟ್ಟು ಹೊರಗೆ ಬಂದಿಲ್ಲ. ನಿನ್ನ ಕಾಗದಗಳನ್ನು ಚಿಕ್ಕಗೌರಮ್ಮ ಅಕ್ಕಯ್ಯನಿಗೆ ಅವರ ಮಗ ಅರುಣ್ ಕುಮಾರ್ ತಪ್ಪದೆ ಓದಿ ಹೇಳುತ್ತಾನೆ. ಮಗ ಓದಿದರೆ ಮಗನ ದನಿ ಕೇಳುತ್ತದೆಯೇ ಹೊರತು ತಮ್ಮನದಲ್ಲ ಎಂದು ಅವರು ನನಗೆ ಹೇಳಿದರು. ದೂರಿನ ಹಾಗೆ ಹೇಳಲಿಲ್ಲ, ಸುಮ್ಮನೆ ಹೇಳಿದರು.

ಫೋನಿನ ಪ್ರಸಂಗವನ್ನು ಅರುಣ್ ನನಗೆ ಹೇಳಿದ. ನೀನು ಬರೆದದ್ದನ್ನು ಓದಿ ಹೇಳುವ ಆ ಮೊಬೈಲಿನ ಸೌಲಭ್ಯವನ್ನು ಬಳಸಿ ಒಂದು ಭಾನುವಾರ ಅಕ್ಕಯ್ಯನಿಗೆ ಫೋನ್ ಮಾಡಿದ್ದೆಯಂತೆ. "ಅಕ್ಕಯ್ಯ, ನಾನು ದಯ, ಚೆನ್ನಾಗಿದ್ದೀಯಾ" ಎಂದಷ್ಟೇ ನೀನು ಬರೆದದ್ದಿರಬೇಕು. ಆ ಯಂತ್ರ ಅದನ್ನು ರೇಡಿಯೋ ವಾರ್ತೆಯವರ ಹಾಗೆ ಒಂದೊಂದೇ ಅಕ್ಷರ ತೂಗಿ ಓದಿತು. ಅಕ್ಕಯ್ಯ ಕೂಡಲೇ ಸೆರಗು ಸರಿಮಾಡಿಕೊಂಡು, "ಮನೇಲಿ ಗಂಡಸ್ರಿಲ್ಲ ಸ್ವಾಮಿ, ನೀವು ಯಾವ ಆಫೀಸಿನೋರು ಅಂತ ಹೇಳಿ, ಮಗ ಬಂದ್ಮೇಲೆ ತಿಳಿಸ್ತೀನಿ" ಅಂದರಂತೆ. ನೀನು ಮತ್ತೆ ಏನೋ ಬರೆಯುವಷ್ಟರಲ್ಲಿ ಇಟ್ಟುಬಿಟ್ಟರಂತೆ. ಅರುಣ್ ನಗುನಗುತ್ತಾ ಹೇಳಿದ. ನಾನೂ ಶುರುವಿನಲ್ಲಿ ನಕ್ಕೆ. ಆಮೇಲೆ ನೀನು ಆ ತುದಿಯಲ್ಲಿ ಫೋನು ಹಿಡಿದು ಕುಳಿತದ್ದು ಕಣ್ಣಿಗೆ ಬಂತು. ಆ ಭಾನುವಾರದ ಮೇಲೆ ನೀನು ಫೋನ್ ಮಾಡಿಲ್ಲ.

ಹೀಗಿರುವಾಗ ನವೆಂಬರಿನಲ್ಲಿ ಒಬ್ಬಳು ಹುಡುಗಿ ನಮ್ಮ ಮನೆಗೆ ಬಂದಳು. ಹೆಸರು ಜೀವಿತಾ, ತುರುವೇಕೆರೆಯ ಕೊಬ್ಬರಿ ವ್ಯಾಪಾರಿ ಯೋಗೀಶ್ ಅವರ ಮಗಳು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯ ನಿನ್ನದೇ. ಮನುಷ್ಯರ ಮಾತು ಕೇಳಿ ಬರೆದುಕೊಳ್ಳುವ, ಬರೆದದ್ದನ್ನು ಮಾತಾಡಿ ತೋರಿಸುವ ನ್ಯೂರಲ್ ನೆಟ್‌ವರ್ಕು. ಈಗ ಕನ್ನಡದ ಒಂದೊಂದು ಸೀಮೆಯ ಮಾತನ್ನೂ ಬೇರೆ ಬೇರೆಯಾಗಿ ಸಂಗ್ರಹಿಸುತ್ತಿದ್ದಾರಂತೆ. ನಮ್ಮ ಸೀಮೆಯ ಕೆಲಸ ಅವಳ ಪಾಲಿಗೆ ಬಂದಿದೆ. ಪತ್ರಿಕೆಯವರಿಗೆ ಹಳ್ಳಿ ಹಳ್ಳಿಯೂ ಪರಿಚಯ ಎಂದು ಯಾರೋ ಹೇಳಿದ್ದಕ್ಕೆ ನನ್ನನ್ನು ಹುಡುಕಿಕೊಂಡು ಬಂದಿದ್ದಳು.

ನಾನು ನಿನ್ನ ಹೆಸರು ಹೇಳಿದೆ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಎದ್ದೇ ನಿಂತಳು. ಅವಳ ಗೈಡಿಗೆ ಗೈಡಾಗಿದ್ದವರು ಮಹಾಂತೇಶ್ ಎಂಬವರಂತೆ. ನಿನ್ನ ಲ್ಯಾಬಿನಿಂದ ಎಲ್ಲರೂ ಬೇರೆ ವಿಷಯ ಹಿಡಿದು ಹೋಗುತ್ತಿದ್ದ ಕಾಲದಲ್ಲಿ ಬಂದು ಸೇರಿಕೊಂಡ ಆ ಹುಬ್ಬಳ್ಳಿಯ ಹುಡುಗ ನಿನಗೆ ನೆನಪಿರಬೇಕು, ಅವನೇ. "ಹಾಗಾದ್ರೆ ನಮ್ಮ ಲ್ಯಾಬಿಗೆ ಅವರು ಮುತ್ತಾತ ಆಗ್ಬೇಕು ಸರ್" ಅಂದಳು. ಮಹಾಂತೇಶನ ಕೈಕೆಳಗೆ ಕಲಿತವರು ಈಗ ದೇಶದ ನಾಲ್ಕೂ ಕಡೆ ಇದ್ದಾರಂತೆ, ಅವರ ಶಿಷ್ಯರು ಇನ್ನೆಷ್ಟೋ ಕಡೆ. ಈ ಸುದ್ದಿ ನಿನಗೆ ಯಾರಾದರೂ ಮುಟ್ಟಿಸಿದ್ದಾರೋ ಇಲ್ಲವೋ ತಿಳಿಯದು. ಅದಕ್ಕೇ ಬರೆದೆ.

ಅವಳಿಗೆ ಹಳೆಯದನ್ನೆಲ್ಲ ಹೇಳಿದೆ. ತೊಂಬತ್ತೊಂದರಲ್ಲಿ ಬೆಂಗಳೂರಿನ ನಿನ್ನ ಲ್ಯಾಬು ನೋಡಲು ಬಂದಿದ್ದೆನಲ್ಲ. ಚಪ್ಪಲಿ ಹೊರಗೆ ಬಿಟ್ಟು ಆ ತಣ್ಣನೆಯ ಕೋಣೆಗೆ ಹೋಗಬೇಕಿತ್ತು, ಇಡೀ ವಿಭಾಗಕ್ಕೆ ಇದ್ದದ್ದು ಒಂದೇ ಕಂಪ್ಯೂಟರು, ಅದಕ್ಕೂ ಪಾಳಿ. ನಿಮ್ಮ ಯಂತ್ರಕ್ಕೆ ಆಗ ಬರುತ್ತಿದ್ದದ್ದು ಬೆರಳೆಣಿಕೆಯ ಕನ್ನಡ ಪದ: ಬಾ, ಹೋಗು, ನಿಲ್ಲು, ಬಿಡು, ತೆಗೆ. "ಒಳಗೆ ನೂರಾರು ಸಣ್ಣ ತಿರುಪುಗಳಿವೆ ಅಂದ್ಕೋ, ಅದು ತಪ್ಪು ಹೇಳ್ದಾಗೆಲ್ಲ ಪ್ರತಿಯೊಂದನ್ನೂ ಕೂದಲೆಳೆಯಷ್ಟು ತಿರುಗಿಸ್ತೀವಿ" ಎಂದು ನೀನು ನನಗೆ ವಿವರಿಸಿದ್ದೆ. ಜೀವಿತಾ ನನಗೆ ವಿವರಿಸಿದ್ದೂ ಅದೇ ತಿರುಪಿನ ಲೆಕ್ಕದಲ್ಲಿ. ಆಗ ನೂರಾರು ಇದ್ದದ್ದು ಈಗ ಕೋಟಿಗಟ್ಟಲೆ ಆಗಿದೆ, ಅಷ್ಟೇ ವ್ಯತ್ಯಾಸ ಎಂದಳು. ಆ ಹೋಲಿಕೆ ನಿನ್ನಿಂದ ಮಹಾಂತೇಶನಿಗೆ, ಅವನಿಂದ ಮುಂದಿನವರಿಗೆ ಬಂದು, ಕೊನೆಗೆ ನನ್ನ ಮನೆಯ ನಡುಮನೆಗೇ ವಾಪಸು ಬಂತೋ ಏನೋ.

ನಾನು ಆಗ ಬರೆದ ಸುದ್ದಿಯ ಕಥೆ ಕೇಳಿ ಅವಳು ಬಹಳ ನಕ್ಕಳು. "ನರಜಾಲದಿಂದ ಕನ್ನಡ ಕಲಿಯುವ ಯಂತ್ರ" ಎಂದು ನಾನು ಬರೆದು ಕಳಿಸಿದ್ದನ್ನು ಡೆಸ್ಕಿನವರು 'ನರ' ಎಂಬುದೊಂದನ್ನೇ ನೋಡಿ ಆರೋಗ್ಯದ ಪುಟಕ್ಕೆ ಹಾಕಿದ್ದರಲ್ಲ. ಮಾರನೆಯ ವಾರ ನಿಮ್ಮ ಭಾವ ನಂಜುಂಡಪ್ಪನವರನ್ನು ಹುಡುಕಿಕೊಂಡು ನಾಲ್ಕಾರು ಜನ ಹಂದನಕೆರೆಗೆ ಬಂದು, ನಿಮ್ಮ ಬಾಮೈದ ಕೈಕಾಲು ಜೋಮಿಗೆ ಔಷಧಿ ಕೊಡ್ತಾರಂತಲ್ಲ ಎಂದು ಕೇಳಿದ್ದರು. ಭಾವ ಯಾರನ್ನೂ ನಿರಾಶೆಗೊಳಿಸದೆ ಶುಂಠಿ ಕಷಾಯ ಹೇಳಿ ಕಳಿಸಿದ್ದರು. ಅವರು ಇದ್ದಿದ್ದರೆ ಈಗಲೂ ಆ ಕಥೆ ಅವರ ಬಾಯಿಂದಲೇ ಕೇಳಬೇಕಿತ್ತು.

ಆಮೇಲಿನ ವರ್ಷಗಳದ್ದು ನಿನಗೇ ಗೊತ್ತು. ಕಂಪ್ಯೂಟರಿಗೆ ಕನ್ನಡ ಏಕೆ ಎಂದು ಕೇಳಿ ಕಮಿಟಿಯವರು ಹಣ ನಿಲ್ಲಿಸಿದ್ದು, ನ್ಯೂರಲ್ ಎಂಬ ಶಬ್ದ ಕಂಡರೇ ವಿದೇಶದ ಪತ್ರಿಕೆಗಳು ಲೇಖನ ಹಿಂದಿರುಗಿಸುತ್ತಿದ್ದದ್ದು, ನೀನು ಪಾಠ ಹೇಳಿಕೊಂಡು ನಿವೃತ್ತನಾಗಿ ಮೈಸೂರು ಸೇರಿದ್ದು. ಆ ಕಾಲದಲ್ಲಿ ಇಡೀ ದೇಶದಲ್ಲಿ ಈ ವಿಷಯ ಹಿಡಿದವರನ್ನು ಒಂದು ವ್ಯಾನಿನಲ್ಲಿ ಕೂರಿಸಬಹುದಿತ್ತು ಎಂದು ನೀನೇ ಹೇಳುತ್ತಿದ್ದೆ. ಜೀವಿತಾ ಹೇಳುವ ಪ್ರಕಾರ ಈಗ ಅವರ ಒಂದು ಸಮ್ಮೇಳನಕ್ಕೆ ಛತ್ರ ಸಾಲುವುದಿಲ್ಲ. ಮಕ್ಕಳು ವಿಡಿಯೋ ಗೇಮ್ ಆಡಲೆಂದು ಮಾಡಿದ ಕಂಪ್ಯೂಟರ್ ಚಿಪ್ಪುಗಳು ಈ ಲೆಕ್ಕಕ್ಕೆ ಒದಗಿದವಂತೆ, ಮೊಬೈಲು ಬಂದು ಮಾತಿನ ರಾಶಿ ಸಿಕ್ಕಿತಂತೆ, ಸರ್ಕಾರವೂ ದೇಶಭಾಷೆಗಳಿಗೆಂದು ಹಣ ಕೊಡತೊಡಗಿತಂತೆ. ಆದರೂ ಇಂಗ್ಲಿಷಿನ ಮುಂದೆ ಕನ್ನಡದ ರಾಶಿ ಸಣ್ಣದು, ಇರುವ ಕನ್ನಡವೂ ಹೆಚ್ಚಿನದು ವಾರ್ತೆಯದು, ಪುಸ್ತಕ ಓದಿಸಿದ್ದು. ನಿನ್ನ ಫೋನು ಅಕ್ಕಯ್ಯನಿಗೆ ಆಫೀಸಿನವರ ಹಾಗೆ ಕೇಳಿಸಿದ್ದು ಏಕೆಂದು ನನಗೆ ಅರ್ಥವಾದದ್ದು ಆಗ. ಅದು ಹಂದನಕೆರೆಯವರನ್ನು ಕೇಳಿಯೇ ಇಲ್ಲ.

ನಾನು ಜೀವಿತಾಳಿಗೆ ನಿನ್ನ ವಿಷಯ ಪೂರ್ತಿ ಹೇಳಿದೆ. ಅವಳು, ಹಂದನಕೆರೆಯಿಂದಲೇ ಕೆಲಸ ಶುರು ಮಾಡೋಣ ಎಂದಳು. ಅಲ್ಲಿನ ಮಾತು ಸಾಕಷ್ಟು ಸಿಕ್ಕರೆ ಆ ಯಂತ್ರ ಅಲ್ಲಿಯ ಹಾಗೇ ಮಾತಾಡುವುದನ್ನು ಕಲಿಯುತ್ತದೆ, ನೀನು ಮೈಸೂರಿನಲ್ಲಿ ಕೂತು ಬರೆದರೆ ಅಕ್ಕಯ್ಯನಿಗೆ ಊರಿನ ಮಾತೇ ಕೇಳುತ್ತದೆ. ನಿನ್ನ ಹಳೆಯ ರೇಡಿಯೋ ಭಾಷಣದ ಕ್ಯಾಸೆಟ್ ನನ್ನ ಹತ್ತಿರ ಇದೆಯಲ್ಲ, ಅದರಿಂದ ದನಿಯನ್ನೂ ಸ್ವಲ್ಪ ನಿನ್ನದಕ್ಕೆ ಹತ್ತಿರ ತರಬಹುದಂತೆ. ಆದರೆ ನಿನ್ನ ಒಪ್ಪಿಗೆ ಬರುವವರೆಗೆ ಆ ಕ್ಯಾಸೆಟ್ಟನ್ನು ಕೈಯಲ್ಲೂ ಮುಟ್ಟುವುದಿಲ್ಲ ಎಂದಳು. ಅದೂ ಅಲ್ಲದೆ ಕ್ಯಾಸೆಟ್ಟಿನಲ್ಲಿ ಇರುವುದು ನೀನು ಬರೆದುಕೊಂಡು ಓದಿದ ಕನ್ನಡ. ದನಿ ಸಿಗಬಹುದು, ಮಾತು ಊರಿನಿಂದಲೇ ಬರಬೇಕು.

ಹಾಗೆ ಹಂದನಕೆರೆಗೆ ಹೋದೆವು. ಅರುಣನ ಮನೆಯ ಜಗಲಿಯ ಮೇಲೆ ಮೈಕು ಇಟ್ಟುಕೊಂಡು ಕೂತೆವು. ನಾನು ಎಲ್ಲರನ್ನೂ ಕರೆದು ಕೂರಿಸಿದೆ, ಪಕ್ಕದಲ್ಲೇ ನಿಂತು ಧೈರ್ಯ ಹೇಳಿದೆ. ಮೊದಲು ಬಂದವರು ಹಳೆಯ ಪಂಚಾಯ್ತಿ ಮೆಂಬರು ರೇವಣಸಿದ್ದಯ್ಯ. ಅವರ ಮೇಕೆ ಒಮ್ಮೆ ಕಳೆದುಹೋಗಿ ಪಕ್ಕದೂರಿನ ಮದುವೆ ಮನೆಯ ಚಪ್ಪರದಲ್ಲಿ ಸಿಕ್ಕಿದ ಕಥೆಯನ್ನು ಅವರು ಹೇಳಿದರೆ ಇಡೀ ಬಸ್ಸು ನಗುತ್ತದೆ. ಅದನ್ನೇ ಹೇಳಿ ಎಂದಳು ಜೀವಿತಾ. ರೇವಣಸಿದ್ದಯ್ಯ ನನ್ನ ಕಡೆ ಒಮ್ಮೆ ನೋಡಿ, ಅಂಗಿಯ ಗುಂಡಿ ಹಾಕಿಕೊಂಡು ಶುರು ಮಾಡಿದರು: "ಸದರಿ ಮೇಕೆಯು ಕಾಣೆಯಾಗಿದ್ದು, ಸಂಬಂಧಪಟ್ಟವರು ಈ ಬಗ್ಗೆ ಕೂಡಲೇ ಕ್ರಮ ಕೈಗೊಳ್ಳಬೇಕೆಂದು ಆಗ್ರಹಿಸುತ್ತೇನೆ."

ಆಮೇಲೆ ಬಂದ ನೆರೆಮನೆಯ ಹುಚ್ಚಕ್ಕನನ್ನು ಸೊಪ್ಪಿನ ಸಾರು ಹೇಗೆ ಮಾಡ್ತೀರಿ ಎಂದು ಕೇಳಿದರೆ, ಸಾರು ಮಾಡಲು ನೀರಿನ ಸಮರ್ಪಕ ವ್ಯವಸ್ಥೆ ಆಗಬೇಕೆಂದು ಮನವಿ ಮಾಡಿಕೊಂಡರು. ಇಡೀ ದಿನ ಹೀಗೇ ನಡೆಯಿತು. ಯಾರ ಬಾಯಲ್ಲೂ 'ಐತೆ' ಇಲ್ಲ, 'ಹೋಯ್ತು' ಇಲ್ಲ. ಎಲ್ಲವೂ ಆಗಿರುತ್ತದೆ, ಹೋಗಿರುತ್ತದೆ. ಸಂಜೆ ಜೀವಿತಾ ಬಹಳ ಮರ್ಯಾದೆಯಿಂದ, ನಾಳೆ ನೀವು ಮಂಡಿಗೆ ವಿಶ್ರಾಂತಿ ಕೊಡಿ ಸರ್ ಎಂದಳು. ನನಗೆ ಆಗಲೂ ತಿಳಿಯಲಿಲ್ಲ. ಮನೆಗೆ ಬಂದು ಗಿರಿಜಾಳಿಗೆ ಹೇಳಿದಾಗ ಅವಳು ಅವರೆಕಾಳು ಹಿಸುಕುತ್ತಾ ತಲೆ ಎತ್ತದೆ ಹೇಳಿದಳು: "ಇಷ್ಟು ವರ್ಷ ಪೆನ್ನು ಹಿಡ್ಕಂಡು ಅವರ ಮುಂದೆ ನಿಂತಿದೀರ. ನೀವು ಪಕ್ಕದಲ್ಲಿದ್ರೆ ಕೊಟ್ಟಿಗೇಲಿರೋ ಕರುನೂ ಹೇಳಿಕೆ ಕೊಡ್ತದೆ ಕಣ್ರೀ."

ಮಾರನೆಯ ದಿನದಿಂದ ನಾನು ಅರುಣನ ಮನೆಯ ಎದುರಿಗಿರುವ ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಕೂತೆ. ಜೀವಿತಾ ಮೈಕನ್ನು ಜಗಲಿಯಿಂದ ತೆಗೆದು, ಹೆಂಗಸರು ಕೂತು ಕೊಬ್ಬರಿ ಬಿಡಿಸುವ ಕೊಟ್ಟಿಗೆಯ ಮಾಡಿನ ಕೆಳಗೆ ಇಟ್ಟಳು. ಮೈಕು ಇರುವುದು ಎಲ್ಲರಿಗೂ ಗೊತ್ತು, ಯಾರ ಮಾತು ಹಿಡಿದಳೋ ಅವರೆಲ್ಲ ಒಪ್ಪಿಗೆ ಕೊಟ್ಟವರೇ. ಆದರೆ ಕೈಗೆ ಕೆಲಸ ಸಿಕ್ಕಿದ ಮೇಲೆ ಬಾಯಿ ತನ್ನ ಪಾಡಿಗೆ ತಾನು ಬಿಚ್ಚಿಕೊಂಡಿತು. ರೇವಣಸಿದ್ದಯ್ಯನ ಮೇಕೆ ಈ ಸಲ ಎಲ್ಲ ಬೈಗುಳಗಳ ಸಮೇತ ಮದುವೆ ಮನೆ ಸೇರಿತು.

ಕ್ರಿಸ್‌ಮಸ್ ಹೊತ್ತಿಗೆ ಜೀವಿತಾ ಒಂದು ಸಂಜೆ ಬಂದು ಲ್ಯಾಪ್‌ಟಾಪು ತೆರೆದು ತೋರಿಸಿದಳು. ಮೊದಲು ಆ ಯಂತ್ರಕ್ಕೆ ರೇವಣಸಿದ್ದಯ್ಯನ ಒಂದು ಮಾತು ಕೇಳಿಸಿದರೆ "ಹೋದರೆ ಹೋಗಲಿ ಬುಡ" ಎಂದು ಬರೆದಿತ್ತು, ಗಿಡದ ಬುಡ ಅಂದುಕೊಂಡು. ಆ ವಾರ ಊರಿನ ಮಾತು ಉಣಿಸಿದ ಮೇಲೆ ಅದೇ ಮಾತನ್ನು "ಹೋದ್ರೆ ಹೋಗ್ಲಿ ಬುಡ್ಲಾ" ಎಂದು ಸರಿಯಾಗಿ ಬರೆಯಿತು. ಅಚ್ಚಿನ ಅಕ್ಷರದಲ್ಲಿ 'ಬುಡ್ಲಾ' ನೋಡಿ ನನ್ನ ಕೈ ತಾನಾಗಿಯೇ ಪೆನ್ನಿಗಾಗಿ ಜೇಬಿಗೆ ಹೋಯಿತು, ತಿದ್ದಲು. ಜೀವಿತಾ ನೋಡಿ ನಕ್ಕಳು. ಒಂದು ಕಾಲಕ್ಕೆ ಯಂತ್ರದವರೂ ನಿಮ್ಮ ಹಾಗೇ ಇದನ್ನೆಲ್ಲ ತಪ್ಪು ಅಂತ ಬಿಸಾಡ್ತಾ ಇದ್ರು ಸರ್, ಈಗ ಇದಕ್ಕೇ ಊರೂರು ಅಲೀತಾ ಇದೀವಿ ಎಂದಳು. ಆ ಮಾತನ್ನು ನಾನು ಆ ಹೊತ್ತಿಗೆ ಅಷ್ಟಾಗಿ ಗಮನಿಸಲಿಲ್ಲ.

ಎಲ್ಲ ಸರಿಹೋಯಿತು, ಒಂದು ಬಿಟ್ಟು. ಯಾರ ಮಾತು ಮುಖ್ಯವಾಗಿ ಬೇಕಿತ್ತೋ ಅವರು ಕೊಡಲಿಲ್ಲ.

ತಾಯಿ ತೀರಿದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅಕ್ಕಯ್ಯ. ನೀನು ಮಾತು ಕಲಿತದ್ದು ಅವರ ಬಾಯಿಂದ. ದಯಾನಂದ ಸರ್ ಮಾತಿನ ವರಸೆ ಹೇಗಿತ್ತೆಂದು ತಿಳಿಯಬೇಕಾದರೆ ಅವರ ಅಕ್ಕನ ಮಾತೇ ದಾರಿ ಎಂದು ಜೀವಿತಾ ಮೊದಲ ದಿನವೇ ಹೇಳಿದ್ದಳು. ನಾನು ಅವಳನ್ನು ಎಚ್ಚರಿಸಿದೆ: ಅವರದು ಮಾತು ಕಡಿಮೆ, ಹೆಚ್ಚು ನಿರೀಕ್ಷೆ ಬೇಡ. ಏಕೆಂದರೆ ನೀನು ಯಾವಾಗಲೂ ಹಾಗೇ ಹೇಳುತ್ತಿದ್ದೆ. ನಮ್ಮಕ್ಕ ಬೆಂಗಳೂರಿಗೆ ಬಂದರೆ ಮೂಲೆಯಲ್ಲಿ ಕೂತಿರ್ತಾಳೆ, ಫೋನಿನಲ್ಲೂ ನಾನೇ ಮಾತಾಡ್ಬೇಕು, ಅವಳದು ಬರೀ ಹೂಂ ಎನ್ನುತ್ತಿದ್ದೆ. ಅದನ್ನು ನಾನು ನಂಬಲರ್ಹ ಮೂಲದ ಸುದ್ದಿ ಎಂದು ಒಪ್ಪಿಕೊಂಡಿದ್ದೆ.

ಆ ಸುದ್ದಿಗೆ ಈಗ ತಿದ್ದುಪಡಿ ಹಾಕಬೇಕಾಗಿದೆ. ಟೀ ಅಂಗಡಿಯಲ್ಲಿ ಕೂತರೂ ಆ ಕೊಟ್ಟಿಗೆಯ ಮಾತು ನನಗೆ ಕೇಳಿಸುತ್ತಿತ್ತು. ಅಲ್ಲಿ ಎಲ್ಲರಿಗಿಂತ ಮೇಲಿದ್ದ ದನಿ ಅಕ್ಕಯ್ಯನದು. ಕಣ್ಣು ಕಾಣದಿದ್ದರೂ ಕೊಬ್ಬರಿ ಬಿಡಿಸುವುದು ಬಿಟ್ಟಿಲ್ಲ, ಕೈ ಆಡಿದಷ್ಟೂ ಬಾಯಿ. ಊರಿನ ಪ್ರತಿಯೊಬ್ಬರ ನಡಿಗೆಗೂ ಅವರ ಬಳಿ ಒಂದು ಅಡ್ಡಹೆಸರಿದೆ. ಹುಚ್ಚಕ್ಕ ಅವರ ಬಾಯಿ ಮುಚ್ಚಿಸಲು ಒಂದು ಹಾಡನ್ನೇ ಹೇಳಬೇಕಾಯಿತು. ನೀನು ಹೇಳುತ್ತಿದ್ದ ಮೂಲೆಯ ಹೆಂಗಸು ಯಾರೆಂದು ನನಗೆ ಗುರುತೇ ಸಿಗಲಿಲ್ಲ.

ಆದರೆ ಜೀವಿತಾ ಅವರ ಹತ್ತಿರಕ್ಕೇ ಮೈಕು ತಂದಳೆಂದರೆ, ಅವಳ ಕಾಲಸಪ್ಪಳ ಕೇಳುತ್ತಲೇ ಅಕ್ಕಯ್ಯ ಸುಮ್ಮನಾಗಿಬಿಡುತ್ತಾರೆ. "ನಂದ್ಯಾಕೆ ಬುಡವ್ವ, ಬೇರೆಯೋರ್ದು ತಗಾ" ಎನ್ನುತ್ತಾರೆ. ಅವಳು ಅಲ್ಲೇ ಕೂತರೆ ಗೋಡೆ ಹಿಡಿದುಕೊಂಡು ಒಳಗೆ ಹೋಗುತ್ತಾರೆ. ಒಪ್ಪಿಗೆ ಇಲ್ಲದ ಮೇಲೆ ಕದ್ದು ಹಿಡಿಯುವ ಹಾಗಿಲ್ಲ, ಅದು ಅವಳ ಕೆಲಸದ ನಿಯಮ. ಉಳಿದವರ ಮಾತಿನ ನಡುವೆ ಅಕ್ಕಯ್ಯ ಬಾಯಿ ಹಾಕಿದರೆ ಮೈಕು ಮುಚ್ಚಿಡುತ್ತಾಳೆ. ಯಂತ್ರಕ್ಕೆ ಹೆದರುತ್ತಾರೇನೋ ಎಂದರೆ, ಅರುಣನ ಫೋನಿನಲ್ಲಿ ಕಾಯಿ ವ್ಯಾಪಾರಿಗಳನ್ನು ಝಾಡಿಸುವವರೂ ಅವರೇ. ನಾನಿದ್ದರೆ ಸಂಕೋಚವೇನೋ ಎಂದು ಊರಿಗೇ ಹೋಗದೆ ಒಂದು ವಾರ ಬಿಟ್ಟು ನೋಡಿದೆ. ಅದೂ ಅಲ್ಲ. ನಿನಗಾಗಿ ಎಂದು ಅರುಣ್ ಹೇಳಿ ನೋಡಿದ. ಅದಕ್ಕೆ ಅವರು ಕಾಯಿ ವ್ಯಾಪಾರಿಯ ಮಾತು ತೆಗೆದರಂತೆ.

ಜೀವಿತಾಳಿಗೆ ಸಂಕ್ರಾಂತಿ ಕಳೆದ ಮೇಲೆ ಬೇರೆ ತಾಲ್ಲೂಕಿಗೆ ಹೋಗಬೇಕು. ಉಳಿದವರ ಮಾತಿನಿಂದಲೇ ಯಂತ್ರ ಸಾಕಷ್ಟು ಕಲಿತಿದೆ, ಕೆಲಸ ನಡೆಯುತ್ತದೆ, ನೀನು ಒಪ್ಪಿದರೆ ಕ್ಯಾಸೆಟ್ಟನ್ನೂ ಸೇರಿಸಿ ನೋಡಬಹುದು ಎನ್ನುತ್ತಾಳೆ. ಆದರೆ ಅವಳಿಗೂ ಸಮಾಧಾನವಿಲ್ಲ. ಅಕ್ಕನನ್ನು ಬಿಟ್ಟು ಊರಿನವರೆಲ್ಲರ ಮಾತನ್ನು ಸೇರಿಸಿ ತಮ್ಮನಿಗೆ ಕೊಟ್ಟಂತೆ ಆಗುತ್ತದಲ್ಲ ಸರ್ ಎಂದಳು.

ಆದ್ದರಿಂದ ನನ್ನ ಕೋರಿಕೆ ಎರಡು. ಕ್ಯಾಸೆಟ್ಟಿನ ವಿಷಯದಲ್ಲಿ ನಿನ್ನ ಮನಸ್ಸಿಗೆ ಬಂದದ್ದನ್ನು ಬರೆ, ಬೇಡವೆಂದರೆ ಬೇಡ, ಯಾರೂ ಒತ್ತಾಯಿಸುವುದಿಲ್ಲ. ಎರಡನೆಯದು, ಜೀವಿತಾ ಹೋಗುವುದರೊಳಗೆ ನೀನೇ ಒಮ್ಮೆ ಬಂದು ಹೋಗು. ತಿಪಟೂರಿಗೆ ಬಂದು ಇಳಿದರೆ ಸಾಕು, ನಾನಲ್ಲಿರುತ್ತೇನೆ, ಅಲ್ಲಿಂದ ಇಬ್ಬರೂ ಹೋಗೋಣ. ಅಲ್ಲಿ ಏನು ಮಾಡಲಿ ಎಂದು ಕೇಳಿದ್ದೀಯ. ನನಗೂ ಗೊತ್ತಿಲ್ಲ. ಇಷ್ಟು ಗೊತ್ತಿದೆ, ಬೀದಿಯಲ್ಲಿ ಯಾರು ನಡೆದು ಹೋದರೂ ಅಕ್ಕಯ್ಯ ಚಪ್ಪಲಿಯ ಸದ್ದಿನಲ್ಲೇ ಹೆಸರು ಹೇಳುತ್ತಾರೆ.

ಗಿರಿಜಾ ನಿನಗೆ ಹಿಸುಕಿದ ಅವರೆಕಾಳು ಕಳಿಸಬೇಕೆಂದಿದ್ದಳು. ಅಂಚೆಯಲ್ಲಿ ಕೆಡುತ್ತದೆ, ಬಂದು ತಿನ್ನಲಿ ಎಂದು ಈಗ ಹಟ ಹಿಡಿದಿದ್ದಾಳೆ. ನಿನ್ನ ಶ್ರೀಮತಿ ಶಿವರುದ್ರಮ್ಮನವರಿಗೆ ನಮ್ಮ ನಮಸ್ಕಾರ ತಿಳಿಸು. ಮೊಮ್ಮಗಳು ಗಾನವಿಗೆ ಇಲ್ಲಿನ ಅಜ್ಜ ಅಜ್ಜಿಯ ಆಶೀರ್ವಾದ. ಹತ್ತನೆಯ ಕ್ಲಾಸಿನ ಪರೀಕ್ಷೆ ಚೆನ್ನಾಗಿ ಆಗಲಿ. ನಿನಗೆ ಆಯಸ್ಸು, ಆರೋಗ್ಯ ಎರಡೂ ಇರಲಿ ಎಂದು ಶಿವನಲ್ಲಿ ಬೇಡುವ,

ನಿನ್ನ,
ತೋಂಟದಾರ್ಯ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ. ಗಿರಿಜಾ ಎಂದಿನಂತೆ ತೆಗೆದು ಓದಿ, "ಮುಖ್ಯ ಸುದ್ದೀನೇ ಬಿಟ್ಟಿದೀರಲ್ರೀ" ಎಂದು ವಾಪಸು ಕೊಟ್ಟಳು. ಬಿಟ್ಟದ್ದು ನಿಜ. ನಿನಗೆ ನೋವಾಗುತ್ತದೆ ಎಂದು ಬಿಟ್ಟಿದ್ದೆ.

ಮೊನ್ನೆ ಹಂದನಕೆರೆಯಿಂದ ಹೊರಟಾಗ ಅಕ್ಕಯ್ಯ ನನ್ನನ್ನು ಕರೆದು ಮೆಟ್ಟಿಲ ಮೇಲೆ ಕೂರಿಸಿಕೊಂಡರು. ಆ ಹುಡುಗಿಗೆ ಬೇಜಾರು ಮಾಡ್ಕಬೇಡ ಅಂತ ಹೇಳಪ್ಪ ಎಂದು ಶುರು ಮಾಡಿದರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ತಿದ್ದದೆ.

"ದಯ ಒಂದ್ಸಲ ಟೇಪು ತಂದಿದ್ದ ಕಣಪ್ಪ, ನೀನಿರ್ಲಿಲ್ಲ. ಬಿಡು ಅನ್ನು ಅಕ್ಕಯ್ಯ ಅಂದ. ಬುಡು ಅಂದೆ. ಬುಡು ಅಲ್ಲ, ಬಿಡು ಅಂದ. ನಾನೂ ಅದ್ನೇ ಅಂತಾ ಇದೀನಲ್ಲಪ್ಪ ಅಂದೆ. ನಕ್ಕ. ಗೌರಿ ಹಬ್ಬಕ್ಕೆ ಬಂದಾಗ ಹೇಳ್ದ, ಅಕ್ಕಯ್ಯ, ನಿನ್ನ ಮಾತು ಮಿಷನ್ನಿಗೆ ತಿಳೀಲಿಲ್ಲ, ಮೈಸೂರೋರ್ದು ತಗಂಡ್ವಿ ಅಂತ. ಅವ್ನು ತಮಾಷೆಗೇ ಅಂದಿದ್ದು. ಮಿಷನ್ನಿಗೇ ತಿಳೀದಿದ್ಮೇಲೆ ಅವನ ಮನೇಗೆ ಬರೋ ಓದ್ದೋರಿಗೆ ಏನು ತಿಳಿದಾತು ಅಂತ, ಅಲ್ಲಿಗೋದಾಗ ಬಾಯಿ ಮುಚ್ಕಂಡಿರ್ತಿದ್ದೆ. ಫೋನ್ನಾಗೂ ಅಷ್ಟೇ, ಪಕ್ದಲ್ಲಿ ಯಾರಾನಾ ಇದ್ರೆ ಅವನಿಗೆ ನಾಚ್ಕೆ ಆಗಬಾರ್ದಲ್ಲ."

ಜೀವಿತಾಳಿಗೆ ಇದನ್ನು ಹೇಳಿದೆ. ಅವಳು ನಿನ್ನ ಪರವಾಗಿಯೇ ಮಾತಾಡಿದಳು. ಆಗಿನ ನೆಟ್‌ವರ್ಕಿನಲ್ಲಿ ಎರಡು ಬಗೆಯ ಮಾತಿಗೆ ಜಾಗವೇ ಇರಲಿಲ್ಲ, ಆ ಟೇಪನ್ನು ಪಕ್ಕಕ್ಕಿಡದೆ ಬೇರೆ ದಾರಿಯಿರಲಿಲ್ಲ, ಯಾರಾಗಿದ್ದರೂ ಹಾಗೇ ಮಾಡುತ್ತಿದ್ದರು ಎಂದಳು. ಅದು ಸತ್ಯ, ನೀನು ಅದನ್ನು ಗಟ್ಟಿಯಾಗಿ ಹಿಡಿದುಕೋ. ಅಕ್ಕಯ್ಯನಿಗೂ ನಿನ್ನ ಮೇಲೆ ಸಿಟ್ಟಿಲ್ಲ. ಅವರು ಅದನ್ನು ಇಷ್ಟು ವರ್ಷ ಒಂದು ತಿಳುವಳಿಕೆಯ ಹಾಗೆ ಇಟ್ಟುಕೊಂಡಿದ್ದಾರೆ, ಅಷ್ಟೇ.

ಅಂದು ಮೆಟ್ಟಿಲ ಮೇಲೆ ಕೂತೇ ನಾನು, ಈಗಿನ ಮಿಷನ್ನಿಗೆ ಬುಡು ಅಂದರೂ ತಿಳಿಯುತ್ತದೆ ಅಕ್ಕಯ್ಯ, ಅದೇ ಬೇಕು ಅಂತ ಬಂದಿದ್ದಾರೆ ಎಂದೆ. ಅವರು ಅಂಗೈಯಿಂದ ಮೆಟ್ಟಿಲ ಧೂಳು ಒರೆಸಿದರು. ಆಮೇಲೆ, "ಮಿಷನ್ನು ಕಟ್ಕಂಡು ನನಗೇನು? ನನ್ನ ಮಾತು ಬೇಕಾದ್ರೆ ಅವ್ನೇ ಬಂದು ಕೇಳ್ಲಿ" ಅಂದರು.

'ಕೇಳ್ಲಿ' ಅಂದರೆ ನೀನು ಬಂದು ಬೇಡಲಿ ಎಂದೋ, ಬಂದು ಆಲಿಸಲಿ ಎಂದೋ ನಾನು ವಿಚಾರಿಸಲಿಲ್ಲ. ಎದ್ದು ಬಂದೆ. ಅವರು ಆಡಿದ ಹಾಗೇ ನಿನಗೆ ಮುಟ್ಟಿಸುತ್ತಿದ್ದೇನೆ. ಮೊದಲನೆಯದಾದರೆ ನಿನ್ನ ಕೈಲಿ ಆಗದು. ಎರಡನೆಯದಕ್ಕೆ ಗಂಟಲು ಬೇಕಿಲ್ಲ ದಯ.